ಹತ್ತಿ, ಬತ್ತಿ ಮತ್ತು ನರಿಯ ಮುಖ

ಆಷಾಢಕ್ಕೆಂದು ತವರಿಗೆ ಹೋದ ಹೊಸ ಸೊಸೆ ಶ್ರಾವಣದಲ್ಲಿ ಗಂಡನ ಮನೆಗೆ ಮರಳುವಾಗ ಏನೇನು ತರಬೇಕೆಂಬುದಕ್ಕೆ ನಮ್ಮ ಸೀಮೆಯಲ್ಲಿ ಯಾರೂ ಬರೆದಿಡದ, ಆದರೆ ಎಲ್ಲರಿಗೂ ಗೊತ್ತಿರುವ ಒಂದು ಪದ್ಧತಿಯಿದೆ. ಮಡಿಲು ತುಂಬ ಅಕ್ಕಿ, ಕೊಬ್ಬರಿ, ಬೆಲ್ಲ, ಡಬ್ಬಿ ತುಂಬ ಚಕ್ಕುಲಿ, ಅತ್ತೆಗೊಂದು ಸೀರೆ, ಮತ್ತು ತಾಯಿಯ ಕಣ್ಣೀರಿನಲ್ಲಿ ಅರ್ಧ ನೆನೆದ ಒಂದಿಷ್ಟು ಬುದ್ಧಿಮಾತು. ನನ್ನ ಹೆಂಡತಿ ಪದ್ಮ ಇವೆಲ್ಲವನ್ನೂ ತಪ್ಪದೆ ತಂದಳು. ಜೊತೆಗೆ, ಬಿದಿರಿನ ಕುಕ್ಕೆಯೊಂದರಲ್ಲಿ ಎರಡು ಮೊಲಗಳನ್ನೂ ತಂದಳು.

ಕೆ.ಆರ್. ನಗರದಿಂದ ಹುಣಸೂರಿಗೆ, ಹುಣಸೂರಿನಿಂದ ಹನಗೋಡಿಗೆ ಬಸ್ಸು ಬದಲಿಸಿ ಬರಬೇಕಾದ ದಾರಿ. ಕುಕ್ಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನನ್ನನ್ನು ಕಂಡಕ್ಟರು ಅದರಲ್ಲೇನಿದೆ ಎಂದು ಕೇಳಿದಾಗ, ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾನು ಗಡಿಬಿಡಿಯಲ್ಲಿ ಸೊಪ್ಪು ಎಂದುಬಿಟ್ಟೆ. ಅದೇ ಗಳಿಗೆಗೆ ಸೊಪ್ಪು ಕಿವಿ ನಿಮಿರಿಸಿಕೊಂಡು, ಕುಕ್ಕೆಯ ಅಂಚಿನಿಂದ ತಲೆಯೆತ್ತಿ, ಕೆಂಪು ಕಣ್ಣುಗಳಿಂದ ಅವನನ್ನು ದಿಟ್ಟಿಸಿತು. ಅವನು ಒಮ್ಮೆ ಮೊಲವನ್ನು, ಒಮ್ಮೆ ಪದ್ಮಳ ಕೊರಳಿನ ಹೊಸ ಕರಿಮಣಿಯನ್ನು, ಒಮ್ಮೆ ನನ್ನ ಮುಖವನ್ನು ನೋಡಿ, ಮರುಮಾತಿಲ್ಲದೆ ಮುಂದಿನ ಸೀಟಿಗೆ ಹೋದ. ಅವನಿಗೂ ಈಚೆಗಷ್ಟೇ ಮದುವೆಯಾಗಿತ್ತೆಂದು ನನ್ನ ಊಹೆ. ತೊಂಬತ್ತರ ದಶಕದ ನಡುವಿನ ಆ ದಿನಗಳಲ್ಲಿ ಕಂಡಕ್ಟರುಗಳಿಗೆ ಇಂಥ ದಾಕ್ಷಿಣ್ಯಗಳು ಇನ್ನೂ ಉಳಿದಿದ್ದವು.

ನಮ್ಮದು ಊರೊಳಗಿನ ಮನೆಯಲ್ಲ. ಹನಗೋಡಿನಿಂದ ಲಕ್ಷ್ಮಣತೀರ್ಥದ ಕಡೆಗೆ ಇಳಿಯುವ ಗಾಡಿದಾರಿಯಲ್ಲಿ, ಹೊಗೆಸೊಪ್ಪಿನ ಹೊಲಗಳ ನಡುವೆ, ಸೊಪ್ಪು ಬೇಯಿಸುವ ಎತ್ತರದ ಬ್ಯಾರನ್ನಿನ ಮಗ್ಗುಲಲ್ಲಿ ಅದು ಒಂಟಿಯಾಗಿ ನಿಂತಿತ್ತು. ನಾನು ಹುಣಸೂರಿನ ಶಾಲೆಯೊಂದರಲ್ಲಿ ಕನ್ನಡ ಮೇಷ್ಟರಾಗಿದ್ದೆ. ಮನೆಯ ಬೇಸಾಯವೆಲ್ಲ ಅಪ್ಪನದು, ಆಡಳಿತವೆಲ್ಲ ಅವ್ವನದು. ಅವ್ವ ಕುಕ್ಕೆಯೊಳಗೆ ಇಣುಕಿ ನೋಡಿ, ಹಾಲು ಕೊಡದ, ಮೊಟ್ಟೆಯಿಡದ, ಬೊಗಳಲೂ ಬಾರದ ಈ ಪ್ರಾಣಿಯನ್ನು ಬ್ರಹ್ಮ ಯಾವ ಕೆಲಸಕ್ಕೆಂದು ಹುಟ್ಟಿಸಿದನೆಂದು ವಿಚಾರಿಸಿದಳು. ಪದ್ಮಳಿಗೆ ಉತ್ತರ ಹೊಳೆಯಲಿಲ್ಲ. ಅದೇ ಬ್ರಹ್ಮ ಕನ್ನಡ ಮೇಷ್ಟರುಗಳನ್ನೂ ಹುಟ್ಟಿಸಿದ್ದಾನೆಂಬ ಉತ್ತರ ನನಗೆ ಹೊಳೆದಿತ್ತು. ಅದು ವಾದಕ್ಕೆ ಯಾವ ಕಡೆಯಿಂದ ಬಲ ಕೊಡುತ್ತದೆಂದು ತಿಳಿಯದೆ ಸುಮ್ಮನಾದೆ.

ಅಪ್ಪಟ ಬಿಳಿಯ ಹೆಣ್ಣು ಮೊಲಕ್ಕೆ ಪದ್ಮ ಹತ್ತಿ ಎಂದು ಹೆಸರಿಟ್ಟಿದ್ದಳು. ಗಂಡಿನ ಕಿವಿಗಳ ತುದಿ ಮಾತ್ರ ಉರಿದು ಆರಿದಂತೆ ಕಪ್ಪಗಿದ್ದುದರಿಂದ ಅದು ಬತ್ತಿ. ಇಷ್ಟು ಚೆಂದದ ಹೆಸರುಗಳಿಗೆ ನಮ್ಮ ಮನೆಯಲ್ಲಿ ಒದಗಿದ ಗತಿ ಬೇರೆ. ನಮ್ಮ ಕಡೆಯ ನಾಲಗೆಗೂ ಹಕಾರಕ್ಕೂ ಯಾವುದೋ ಹಳೆಯ ವೈಮನಸ್ಯವಿರುವುದು ನಿಮಗೆ ಗೊತ್ತೇ ಇದೆ. ಹಳ್ಳಿ ಅಳ್ಳಿಯಾಗುವ, ಹಾಲು ಆಲಾಗುವ ಜಾಗದಲ್ಲಿ ಹತ್ತಿ ಹತ್ತಿಯಾಗಿಯೇ ಉಳಿಯುವುದು ಹೇಗೆ? ಅವ್ವನ ಬಾಯಲ್ಲಿ ಅವಳು ಅತ್ತಿಯಾದಳು. ಅತ್ತಿಗೂ ಅತ್ತೆಗೂ ಒಂದೇ ಒಂದು ಸ್ವರದ ಅಂತರ. ಈ ಅತ್ತಿ ಬೆಳಗಿನಿಂದ ಕೂತಲ್ಲೇ ಕೂತು ಬರೀ ಮೇಯುತ್ತಾಳೆ, ಒಂದು ಕಡ್ಡಿ ಎತ್ತಿಡುವವಳಲ್ಲ ಎಂದು ಅವ್ವ ಬೈಯುವಾಗಲೆಲ್ಲ ಪದ್ಮ ಸೆರಗನ್ನು ಬಾಯಿಗೊತ್ತಿಕೊಂಡು ಒಲೆಯ ಕಡೆ ತಿರುಗುತ್ತಿದ್ದಳು. ಹೊಗೆಗೆ ಕಣ್ಣಲ್ಲಿ ನೀರು ಬಂತೆಂದು ಅವ್ವ ತಿಳಿಯುತ್ತಿದ್ದಳು.

ಆ ನಗುವಿನ ಹೊರತು ಪದ್ಮಳ ಸದ್ದು ಆ ಮನೆಯಲ್ಲಿ ಹೆಚ್ಚಾಗಿ ಕೇಳುತ್ತಿರಲಿಲ್ಲ. ಅವಳು ಕೆ.ಆರ್. ನಗರದ ಪೇಟೆಬೀದಿಯ ಹುಡುಗಿ. ಅಕ್ಕಪಕ್ಕದ ಮನೆಗಳಿಂದ ಸದಾ ಮಾತು, ಬೈಗುಳ, ರೇಡಿಯೋ ಕೇಳಿಸಿಕೊಂಡು ಬೆಳೆದವಳು. ಇಲ್ಲಿ ನಾನು ಬೆಳಿಗ್ಗೆ ಬಸ್ಸು ಹತ್ತಿದರೆ ಇಳಿಹೊತ್ತಿಗೆ ಬರುವವನು. ಅವ್ವನ ಮಾತೆಲ್ಲ ಕೆಲಸದ ಮಾತು. ಇನ್ನು ಅಪ್ಪನಂತೂ ಸೊಸೆಯೊಂದಿಗೆ ಮಾತಾಡುತ್ತಲೇ ಇರಲಿಲ್ಲ. ಕೋಪದಿಂದಲ್ಲ, ಮರ್ಯಾದೆಯಿಂದ. ಅಪ್ಪನ ಅಪ್ಪ ನಮ್ಮ ಅವ್ವನನ್ನು ಕೊನೆಯವರೆಗೂ ಮಾತಾಡಿಸದೆ ಗೌರವಿಸಿದ್ದನಂತೆ. ಅಪ್ಪ ಆ ಗೌರವವನ್ನು ಹಾಗೇ ಮುಂದುವರಿಸಿದ್ದ. ಒಳಗೆ ಬರುವ ಮುನ್ನ ಹೊಸ್ತಿಲಲ್ಲಿ ಕೆಮ್ಮುವನು. ನಡುಮನೆಯ ಕಂಬದ ಕಡೆ ಮುಖ ಮಾಡಿ, ಒಂದು ಚೊಂಬು ನೀರು ಸಿಕ್ಕಿದರೆ ಆಗಬಹುದಿತ್ತು ಎಂದು ಅದಕ್ಕೆ ತಿಳಿಸುವನು. ಪದ್ಮ ಬಂದು ಕಂಬದ ಬುಡದಲ್ಲಿ ಚೊಂಬನ್ನಿಟ್ಟು ಹೋಗುವಳು. ಆ ಮನೆಯಲ್ಲಿ ನಮ್ಮೆಲ್ಲರಿಗಿಂತ ಹೆಚ್ಚು ಸಮಾಚಾರ ತಿಳಿದದ್ದು ಆ ಕಂಬಕ್ಕೇ ಎಂದು ನಾನು ತಮಾಷೆ ಮಾಡಿದರೆ ಪದ್ಮ ನಗುತ್ತಿದ್ದಳು. ನಕ್ಕು, ಹಿತ್ತಲಿಗೆ ಹೋಗಿ, ಮೊಲಗಳ ಹತ್ತಿರ ಕೂತು, ಪೇಟೆಬೀದಿಯಲ್ಲಿ ಆಡಬೇಕಾಗಿದ್ದ ಮಾತುಗಳನ್ನೆಲ್ಲ ಆ ಉದ್ದನೆಯ ಕಿವಿಗಳಿಗೆ ಹೇಳುತ್ತಿದ್ದಳು. ಕಿವಿಯ ಉದ್ದ ನೋಡಿದರೆ ಬ್ರಹ್ಮ ಮೊಲವನ್ನು ಹುಟ್ಟಿಸಿದ್ದು ಇದಕ್ಕೇ ಇರಬೇಕು.

ಅಪ್ಪ ಗೌರವ ಕೊಡುತ್ತಿದ್ದ ಇನ್ನೊಂದು ಜೀವ ನರಿ.

ಬೆಳಗೆದ್ದು ನರಿಯ ಮುಖ ಕಂಡರೆ ಅಂದಿನ ಕೆಲಸವೆಲ್ಲ ಕೈಗೂಡುತ್ತದೆಂಬ ನಂಬಿಕೆ ನಿಮ್ಮ ಕಡೆಯೂ ಇದ್ದೀತು. ಯಾರಿಗಾದರೂ ಬಯಸದ ಭಾಗ್ಯ ಒದಗಿದರೆ ಏನಪ್ಪ, ಇವತ್ತು ನರಿ ಮುಖ ನೋಡಿ ಎದ್ದೆಯಾ ಎಂದು ಕೇಳುವವರು ನಾವು. ಉಳಿದವರಿಗೆ ಅದೊಂದು ಮಾತಿನ ಬೆಡಗು. ಅಪ್ಪನಿಗೆ ಅದು ನಿತ್ಯನೇಮ. ನಸುಕಿನಲ್ಲಿ ಎದ್ದು, ಟವೆಲನ್ನು ತಲೆಗೆ ಸುತ್ತಿ, ಹೊಲದ ಬದುವಿನ ಮೇಲೆ ಹೋಗಿ ನಿಲ್ಲುವನು. ನದಿಯ ಕಡೆಯ ಪೊದೆಗಳಿಂದ ನರಿ ಎದ್ದು ಹೋಗುವುದು ಕಂಡರೆ, ಅಂದು ಸೊಪ್ಪು ಚೆನ್ನಾಗಿ ಬೆಂದು ಹೊಂಬಣ್ಣಕ್ಕೆ ತಿರುಗುತ್ತದೆ. ಕಾಣದಿದ್ದರೆ, ಸೊಪ್ಪು ಕಪ್ಪಾದರೂ ಹಸುವಿನ ಕೆಚ್ಚಲು ಬಾತರೂ ಕಾರಣ ಹುಡುಕುವ ಅಗತ್ಯವೇ ಇಲ್ಲ. ಅದಲ್ಲದೆ ನರಿ ಬದುವನ್ನು ಕೊರೆಯುವ ಹೆಗ್ಗಣ ಏಡಿಗಳನ್ನು ತಿನ್ನುತ್ತದೆ, ಆದ್ದರಿಂದ ಹೊಲಕ್ಕೂ ಅದು ಹಿತವಂತ ಎಂದು ಅಪ್ಪ ವಾದಿಸುತ್ತಿದ್ದ. ಹೆಸರು ಹಿಡಿದು ಕರೆದರೆ ಅಪಚಾರವೆಂದು ಅವನು ನರಿಯನ್ನು 'ಅವರು' ಎನ್ನುತ್ತಿದ್ದ. ಇವತ್ತು ಅವರು ಬಂದಿದ್ದರು. ಇವತ್ತು ಅವರು ತುಸು ತಡ ಮಾಡಿದರು. ಹೀಗೆ ನಮ್ಮ ಮನೆಯಲ್ಲಿ ನರಿಗೆ ಬಹುವಚನ, ಸೊಸೆಗೆ ಕಂಬ. ವ್ಯಾಕರಣದ ಮೇಷ್ಟರಾದ ನನಗೆ ಇದು ಕಾಣದೇ ಇರಲಿಲ್ಲ; ಕಂಡದ್ದನ್ನು ಹೇಳುವುದಕ್ಕೆ ವ್ಯಾಕರಣಕ್ಕಿಂತ ಬೇರೆಯೇ ಒಂದು ಧೈರ್ಯ ಬೇಕು.

ಮೊಲಗಳು ಬಂದ ಮೇಲೆ ನರಿಗಾಗಿ ಅಪ್ಪ ಬದುವಿನ ತನಕ ಹೋಗುವ ಶ್ರಮ ತಪ್ಪಿತು. ಅವರೇ ಮನೆಬಾಗಿಲಿಗೆ ಬರತೊಡಗಿದರು.

ಸೊಪ್ಪು ಕಟ್ಟಿ ನೇತುಹಾಕುವ ಕಡ್ಡಿಗಳನ್ನು ಒತ್ತೊತ್ತಾಗಿ ನೆಟ್ಟು, ಕೋಳಿಗೂಡಿನ ತೆಳು ಜಾಲರಿ ಬಿಗಿದು, ಹಿತ್ತಲಲ್ಲಿ ಮೊಲಗಳಿಗೊಂದು ಆವರಣವಾಗಿತ್ತು. ಹಗಲೆಲ್ಲ ಅವು ಅಲ್ಲಿ ಗರಿಕೆ ಮೇಯುತ್ತ ನೆಗೆದಾಡುವುವು. ಸಂಜೆಗೆ ಅದರದೇ ಮೂಲೆಯಲ್ಲಿ ಬೋರಲು ಹಾಕಿದ ಮಕ್ಕರಿ ಬುಟ್ಟಿಯ ಕೆಳಗೆ ಮಲಗುವುವು. ಇಡೀ ಹಿತ್ತಲಿಗೆ ಕಾರೆಮುಳ್ಳಿನ ಬೇಲಿ. ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಪದ್ಮ ನೋಡುತ್ತಾಳೆ, ಜಾಲರಿಗೆ ಮೂಗು ಒತ್ತಿಕೊಂಡು ನರಿ ಕೂತಿದೆ. ಒಳಗೆ ಹತ್ತಿ ಮತ್ತು ಬತ್ತಿ ಉಸಿರಾಡುವುದನ್ನೂ ಮರೆತು ಕಲ್ಲಾಗಿವೆ. ಮೊಲ ಸುಲಭಕ್ಕೆ ಕಿರುಚುವುದಿಲ್ಲ. ಹೆದರಿದಾಗ ಅದು ಇಲ್ಲದಂತೆ ಇರಲು ನೋಡುತ್ತದೆ. ಆ ಭಯವೇ ಮೊಲವನ್ನು ಕೊಂದದ್ದೂ ಉಂಟೆಂದು, ನರಿ ಹಲ್ಲು ಊರಬೇಕಾಗಿಯೇ ಇಲ್ಲವೆಂದು ಪದ್ಮಳಿಗೆ ಮೊಲ ಕೊಟ್ಟವರು ಎಚ್ಚರಿಸಿದ್ದರಂತೆ. ಅವಳು ಕೈಗೆ ಸಿಕ್ಕ ಸೌದೆ ಎಸೆದು ನರಿಯನ್ನು ಓಡಿಸಿ, ಒಳಗೆ ಬಂದು, ಅವ್ವನಿಗೆ ಹೇಳಿದಳು. ನಡುಮನೆಯಲ್ಲಿದ್ದ ಅಪ್ಪನಿಗೆ ಸಂತೋಷ ತಡೆಯಲಾಗಲಿಲ್ಲ. ಅವರು ಯಾವ ಕಡೆಯಿಂದ ಬಂದರಂತೆ, ಎಡಗಡೆಯಿಂದಲೋ ಬಲಗಡೆಯಿಂದಲೋ ಎಂದು ಕಂಬವನ್ನು ಕೇಳಿದ.

ಸುದ್ದಿ ಪಕ್ಕದ ಹೊಲದ ಜವರಣ್ಣನಿಗೆ ಮುಟ್ಟಿತು. ಮರುದಿನದಿಂದ ಅವನು ನಸುಕಿಗೇ ಬೀಡಿಗೆ ಬೆಂಕಿ ಕೇಳುವ ನೆಪದಲ್ಲಿ ನಮ್ಮ ಹಿತ್ತಲಿಗೆ ಬರತೊಡಗಿದ. ಅವನ ಬೆನ್ನಿಗೆ ಅವನ ಷಡ್ಡಕ, ಮಗಳಿಗೆ ಗಂಡು ಹುಡುಕುತ್ತಿದ್ದ ಇನ್ನೊಬ್ಬರು, ಕೋರ್ಟಿನಲ್ಲಿ ವ್ಯಾಜ್ಯವಿದ್ದ ಮತ್ತೊಬ್ಬರು. ನಮ್ಮ ಹಿತ್ತಲು ಸಣ್ಣದೊಂದು ಪುಣ್ಯಕ್ಷೇತ್ರವಾಯಿತು. ಮೊಲಗಳು ಅಲ್ಲಿಯ ನೈವೇದ್ಯ, ನರಿ ದೇವರು, ಅಪ್ಪ ಅರ್ಚಕ. ಪದ್ಮ ಅಡುಗೆಮನೆಯ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದಳು. ನಿಮ್ಮೂರಿನವರ ಅದೃಷ್ಟಕ್ಕೆ ನನ್ನ ಮೊಲಗಳು ಮೇವಾಗಬೇಕೇ ಎಂದು ನನ್ನನ್ನು ಕೇಳಿದಳು. ನಾನು ಅದನ್ನು ಅವ್ವನಿಗೆ ಹೇಳಿದೆ. ಅವ್ವ ಅಪ್ಪನಿಗೆ ಹೇಳಿದಳು. ಇಷ್ಟು ದೂರ ನಡೆದು ಹೋಗುವಷ್ಟರಲ್ಲಿ ಆ ಮಾತಿನ ಮುಳ್ಳೆಲ್ಲ ಉದುರಿ, ಬೇಲಿಯನ್ನು ಸ್ವಲ್ಪ ನೋಡಬೇಕಂತೆ ಎಂಬಷ್ಟೇ ಉಳಿದಿತ್ತು.

ಅಪ್ಪ ಬೇಲಿಯನ್ನು ನೋಡಿದ. ಹೊಸ ಮುಳ್ಳು ತಂದು ಹೊದಿಸಿದ, ಖಾಲಿ ಡಬ್ಬಗಳನ್ನು ದಾರಕ್ಕೆ ಕಟ್ಟಿ ಗಾಳಿಗೆ ಸದ್ದಾಗುವಂತೆ ತೂಗುಬಿಟ್ಟ, ತನ್ನದೇ ಹಳೆಯ ಅಂಗಿ ತೊಡಿಸಿ ಬೆದರುಗೊಂಬೆಯನ್ನೂ ನಿಲ್ಲಿಸಿದ. ಡಬ್ಬಗಳ ಸದ್ದಿಗೆ ಮೊಲಗಳು ಬೆಚ್ಚಿದವು, ಬೆದರುಗೊಂಬೆಯನ್ನು ಕಂಡು ಜವರಣ್ಣ ಒಂದು ನಸುಕಿನಲ್ಲಿ ನಮಸ್ಕಾರ ಮಾಡಿದ, ನರಿ ಮಾತ್ರ ಎರಡನ್ನೂ ಒಪ್ಪಿಕೊಂಡು ತನ್ನ ಪಾಡಿಗೆ ಬಂದು ಹೋಗುತ್ತಿತ್ತು. ಏಕೆಂದರೆ ಬೇಲಿಯ ನೈಋತ್ಯ ಮೂಲೆಯಲ್ಲಿ, ಕಳ್ಳಿಯ ಮರೆಗೆ, ಒಂದು ಕಿಂಡಿಯನ್ನು ಅಪ್ಪ ಮುಚ್ಚದೆಯೇ ಬಿಟ್ಟಿದ್ದ. ಅದು ಅವರು ಲಾಗಾಯ್ತಿನಿಂದ ಓಡಾಡುವ ದಾರಿ. ಭಾಗ್ಯ ಬರುವ ದಾರಿಗೆ ಮುಳ್ಳು ಬಡಿಯಲು ಅವನ ಕೈ ಏಳಲಿಲ್ಲ.

ಸೊಪ್ಪು ಬೇಯಿಸುವ ಕಾಲ ಬಂತು. ಬ್ಯಾರನ್ನಿನ ಒಲೆಗೆ ಬೆಂಕಿಯಿಟ್ಟ ಮೇಲೆ ಅದನ್ನು ಹಗಲಿರುಳು ಕಾಯಬೇಕು. ಅಪ್ಪ ಅಲ್ಲೇ ಚಾಪೆ ಹಾಸಿಕೊಂಡಿದ್ದ. ಒಂದು ಮುಂಜಾನೆ ಪದ್ಮ ಹಿತ್ತಲಬಾಗಿಲಿಗೆ ನೀರು ಚಿಮುಕಿಸುತ್ತಿದ್ದಾಗ ಅಪ್ಪ ಹೊಲದ ಕಡೆಯಿಂದ ಬಂದ. ಕೆಮ್ಮಲಿಲ್ಲ. ತಲೆಯ ಟವೆಲು ಕೈಯಲ್ಲಿತ್ತು. ನಾನು ಬಚ್ಚಲೊಲೆಯ ಹತ್ತಿರ ಹಲ್ಲುಜ್ಜುತ್ತ ನಿಂತಿದ್ದೆ. ನನ್ನನ್ನು ಕರೆದು ಹೇಳಬಹುದಿತ್ತು, ಒಳಗಿದ್ದ ಅವ್ವನನ್ನು ಕೂಗಬಹುದಿತ್ತು. ಅಪ್ಪ ನೇರವಾಗಿ ಪದ್ಮಳ ಮುಂದೆ ಹೋಗಿ ನಿಂತ.

"ಅವ್ವಾ, ನಿನ್ ಮ್ವಲ ಒಂದು ಓಯ್ತು ಕಣವ್ವ. ಬಾಯಲ್ಲಿ ಕಚ್ಕೊಂಡು ಬದು ಮೇಲೆ ಓಯ್ತಾ ಇತ್ತು. ಕೂಗ್ದೆ, ಬುಡ್ಲಿಲ್ಲ."

ಅದು ಅಪ್ಪ ತನ್ನ ಸೊಸೆಯೊಂದಿಗೆ ಆಡಿದ ಮೊದಲ ಮಾತು. 'ಅವರು' ಅಂದು 'ಅದು' ಆಗಿದ್ದನ್ನೂ ನಾನು ಗಮನಿಸಿದೆ. ಪದ್ಮ ಚೊಂಬನ್ನು ಕೆಳಗಿಟ್ಟು ಆವರಣದ ಕಡೆ ಓಡಿದಳು. ಜಾಲರಿಯ ಬುಡದಲ್ಲಿ ಹಸಿ ಮಣ್ಣು ಬಗೆದ ಬಿಲವಿತ್ತು, ಮಕ್ಕರಿ ಮಗುಚಿತ್ತು, ಗರಿಕೆಯ ಮೇಲೆ ಒಂದಿಷ್ಟು ಬಿಳಿಯ ಕೂದಲು ಅಂಟಿತ್ತು. ಮೂಲೆಯಲ್ಲಿ ಹತ್ತಿ ಒಬ್ಬಳೇ ಕಡ್ಡಿಗಳಿಗೆ ಒತ್ತಿಕೊಂಡು ಕೂತಿದ್ದಳು. ಪದ್ಮ ಅವಳನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅಪ್ಪ ಬೇಲಿಯ ಸುತ್ತ ನಡೆದು ನೈಋತ್ಯ ಮೂಲೆಯಲ್ಲಿ ನಿಂತ. ಕಿಂಡಿಯ ಮುಳ್ಳಿಗೂ ಬಿಳಿಯ ಕೂದಲು ಸಿಕ್ಕಿಕೊಂಡಿತ್ತು. ಅವನು ಕುಡುಗೋಲನ್ನೂ ಕವೆಗೋಲನ್ನೂ ಹುಡುಕಲಿಲ್ಲ; ಬರಿಗೈಯಲ್ಲೇ ಕಾರೆಮುಳ್ಳನ್ನು ಬಾಚಿ ತಂದು ಆ ಕಿಂಡಿಗೆ ತುಂಬಿ ತುಂಬಿ ತುಳಿದ. ಆಮೇಲೆ ಅವ್ವ ಬಹಳ ಹೊತ್ತು ಅವನ ಅಂಗೈಯಿಂದ ಮುಳ್ಳು ತೆಗೆಯುತ್ತ ಕೂತಳು. ಏನೂ ಬೈಯಲಿಲ್ಲ. ಅವ್ವ ಬೈಯದೆ ಇರುವುದು ನಮ್ಮ ಮನೆಯಲ್ಲಿ ಸೂತಕಕ್ಕೆ ಸಮ.

ನೋಡಿ, ಲೋಕದ ವಿಚಿತ್ರ. ಮಾತಾಡದ ಮಾವ ಮಾತಾಡಲು ಕಲಿತ ದಿನವೇ ಸೊಸೆ ಮಾತು ಬಿಟ್ಟಳು. ಅಪ್ಪ ಈಗ ಕಂಬದ ಕಡೆ ತಿರುಗುವುದನ್ನು ನಿಲ್ಲಿಸಿ ನೇರವಾಗಿ ಊಟ ಮಾಡಿದೆಯೇನವ್ವ ಎಂದು ಕೇಳುವನು. ಪದ್ಮ ತಟ್ಟೆಯಿಟ್ಟು, ತಲೆ ತಗ್ಗಿಸಿ, ಒಳಗೆ ಹೋಗುವಳು. ತನ್ನ ದನಿ ಹೊಂದಿಕೊಳ್ಳಲಿಲ್ಲವೇನೋ ಎಂದು ಅವನು ಮೆತ್ತಗೆ ಕೇಳಿ ನೋಡಿದ, ಜೋರಾಗಿ ಕೇಳಿ ನೋಡಿದ. ಉತ್ತರವಿಲ್ಲದ ಪ್ರಶ್ನೆಗಳನ್ನು ಕೇಳುತ್ತ ನಿಲ್ಲುವುದು ಹೇಗಿರುತ್ತದೆಂದು ಮೇಷ್ಟರಾದ ನನಗೆ ಗೊತ್ತು. ಅಪ್ಪನಿಗೆ ಅದು ಹೊಸದು. ನಾನು ಪದ್ಮಳಿಗೆ ಸಮಾಧಾನ ಹೇಳಲು ಹೋದೆ. ಸತ್ತದ್ದು ಒಂದು ಮೊಲ ಎಂದು ನಿಮಗೆ ಅನ್ನಿಸುತ್ತದೆ, ಈ ಮನೆಯಲ್ಲಿ ನನ್ನ ಮಾತು ಕೇಳುತ್ತಿದ್ದವರಲ್ಲಿ ಅರ್ಧ ಜನ ಹೋದರು ಎಂದಳು. ಆ ಲೆಕ್ಕದಲ್ಲಿ ನಾನಿರಲಿಲ್ಲ. ತಕರಾರು ಮಾಡುವ ಸಮಯವೂ ಅದಾಗಿರಲಿಲ್ಲ.

ಜವರಣ್ಣ ಬಂದ. ಹಿಂದೆ ಕಾಡುಹಂದಿಗೆ ಉರುಳೊಡ್ಡಿ ಅಭ್ಯಾಸವಿದ್ದವನು. ಸೈಕಲ್ ಬ್ರೇಕಿನ ತಂತಿಯಲ್ಲಿ ಒಂದು ಉರುಳು ಮಾಡಿ ಆ ಕಿಂಡಿಯಲ್ಲೇ ಕಟ್ಟಿದರೆ ನರಿಯ ಕಥೆ ಮುಗಿಯಿತೆಂದ. ಹಿಂದೆ ಇಂಥದೇ ಮಾತೆತ್ತಿದಾಗ ಅಪ್ಪ ಅವನಿಗೆ ಕಾಫಿಯನ್ನೂ ಕೊಡದೆ ಕಳಿಸಿದ್ದ. ಈ ಸಲ ಅಪ್ಪ ನೆಲ ನೋಡುತ್ತ ಕೂತ. ಒಳಬಾಗಿಲಲ್ಲಿ ನಿಂತಿದ್ದ ಪದ್ಮ ಅಂದಳು:

"ಒಡ್ಡಿ ಜವರಣ್ಣ."

ಕಾಡಿನ ಅಂಚಿನ ಊರು ನಮ್ಮದು, ಅರಣ್ಯದವರಿಗೆ ತಿಳಿದರೆ ಕಷ್ಟ ಎಂದು ನಾನೊಂದು ಮಾತು ಸೇರಿಸಿದೆ. ಸಂಧಿ ಸಮಾಸದ ಪಾಠಕ್ಕೆ ನನ್ನ ತರಗತಿಯಲ್ಲಿ ಸಿಗುವಷ್ಟೇ ಗಮನ ಅದಕ್ಕೂ ಸಿಕ್ಕಿತು. ಅಪ್ಪ ತಾನೇ ಕೈಯಾರೆ ತುಂಬಿದ ಮುಳ್ಳನ್ನು ತಾನೇ ತೆಗೆದುಕೊಟ್ಟ. ಜವರಣ್ಣ ಉರುಳು ಕಟ್ಟಿದ.

ಅಂದಿನಿಂದ ಅಪ್ಪ ಇನ್ನೂ ಬೇಗ ಏಳತೊಡಗಿದ. ಜೀವಮಾನವಿಡೀ ನರಿ ಕಾಣಲಪ್ಪ ಎಂದು ಬೇಡುತ್ತ ನಸುಕಿಗೆ ಎದ್ದವನು ಈಗ ಕಾಣದಿರಲಪ್ಪ ಎಂದು ಬೇಡುತ್ತ ಏಳುವಂತಾಯಿತು. ಬೇಲಿಯ ಮೂಲೆಗೆ ಹೋಗಿ ಖಾಲಿ ಉರುಳನ್ನು ನೋಡಿ ಮರಳುವಾಗ ಅವನ ಮುಖದ ಮೇಲಿನ ನೆಮ್ಮದಿಯನ್ನು ಅವನು ಟವೆಲಿನಿಂದ ಒರೆಸಿಕೊಳ್ಳುತ್ತಿದ್ದ. ನರಿಯೂ ಆ ಕಡೆ ಸುಳಿಯಲಿಲ್ಲ. ಹೀಗೇ ಎಲ್ಲವೂ ಮರೆತುಹೋಗುತ್ತದೆಂದು ನಾನು ಎಣಿಸಿದ್ದೆ. ಒಂದು ಬೆಳಿಗ್ಗೆ, ಜಿಟಿಜಿಟಿ ಮಳೆಯಲ್ಲಿ, ಜವರಣ್ಣನ ಕೂಗು ಕೇಳಿತು.

ನಾವೆಲ್ಲ ಹೋದೆವು. ಹಿಂಗಾಲಿಗೆ ತಂತಿ ಬಿಗಿದುಕೊಂಡು, ಎಳೆದು ಎಳೆದು ಸೋತು, ನರಿ ಕೆಸರಿನಲ್ಲಿ ಮಲಗಿತ್ತು. ನಾನೂ ಅದನ್ನು ಹತ್ತಿರದಿಂದ ಕಂಡದ್ದು ಅದೇ ಮೊದಲು. ಒದ್ದೆಯಾದ ಮೈಯಲ್ಲಿ ಪಕ್ಕೆಲುಬುಗಳನ್ನು ಎಣಿಸಬಹುದಿತ್ತು. ಒಂದು ಕಿವಿ ಹರಿದಿತ್ತು, ಬಾಲದ ಅರ್ಧ ಭಾಗದಲ್ಲಿ ಕೂದಲೇ ಇರಲಿಲ್ಲ, ಕುತ್ತಿಗೆಯ ಸುತ್ತ ಉಣ್ಣೆಗಳು ತೊಗರಿಕಾಳಿನಂತೆ ಕಚ್ಚಿಕೊಂಡಿದ್ದವು, ಮತ್ತು ಆ ವಾಸನೆ. ವಾಸನೆಯ ವಿಷಯ ಬೇಡ, ನೀವು ಊಟ ಮಾಡಿ ಕೂತಿರಬಹುದು. ಕಥೆಗಳ ಧೂರ್ತ, ಅಪ್ಪನ ಭಾಗ್ಯದೇವತೆ, ಪದ್ಮಳ ನಿದ್ದೆಗೆಡಿಸಿದ ರಾಕ್ಷಸ, ಎಲ್ಲವೂ ಆಗಿದ್ದದ್ದು ಬಡಕಲು ಬೀದಿನಾಯಿಯ ಗಾತ್ರದ ಈ ಪ್ರಾಣಿಯೇ. ಅದು ನಮ್ಮನ್ನು ನೋಡಿ ಹಲ್ಲು ಕಿರಿಯಿತು. ಕಿರಿದು, ಆ ಶ್ರಮಕ್ಕೂ ದಣಿದು, ಮುಖವನ್ನು ನೆಲಕ್ಕಿಟ್ಟಿತು.

"ಇಷ್ಟೇನಾ?" ಎಂದಳು ಪದ್ಮ.

ಜವರಣ್ಣ ದೊಣ್ಣೆ ಹಿಡಿದು ಅಪ್ಪನ ಅಪ್ಪಣೆಗೆ ಕಾದ. ಅಪ್ಪ ಟವೆಲನ್ನು ಹಿಂಡುತ್ತ ನಿಂತಿದ್ದ. ಮಳೆಯ ನೀರೋ ಏನೋ, ಅವನ ಗಲ್ಲದಿಂದ ಇಳಿಯುತ್ತಿತ್ತು.

"ನಿನ್ ಮ್ವಲ ತಿಂದದ್ದು ಇದೇಯ," ಎಂದ ಅಪ್ಪ, ಪದ್ಮಳ ಕಡೆ ತಿರುಗಿ. "ದಾರಿ ಬುಟ್ಟವ್ನು ನಾನು. ನೀನೆಂಗೇಳ್ತೀಯೋ ಅಂಗೆ ಕಣವ್ವ."

ಪದ್ಮ ಬಹಳ ಹೊತ್ತು ನರಿಯನ್ನು ನೋಡಿದಳು. ಅವಳ ಮುಖದಲ್ಲಿ ಕರುಣೆ ಉಕ್ಕಿತೆಂದು ಬರೆದರೆ ಪ್ರಬಂಧಕ್ಕೆ ಶೋಭೆ, ಆದರೆ ಅದು ನಿಜವಲ್ಲ. ಅವಳು ಮೂಗಿಗೆ ಸೆರಗು ಒತ್ತಿಕೊಂಡು, ರೇಷನ್ ಅಂಗಡಿಯಲ್ಲಿ ಹುಳ ಬಿದ್ದ ಅಕ್ಕಿಯನ್ನು ನೋಡುವಂತೆ ನೋಡುತ್ತಿದ್ದಳು.

"ಇದನ್ನ ಹೊಡೆದ್ರೆ ನಾಳೆ ಇನ್ನೊಂದು ಬತ್ತದೆ ಮಾವ," ಎಂದಳು ಕೊನೆಗೆ. "ಬುಟ್ಬುಡಿ, ಹೋಗ್ಲಿ. ನಮ್ಮ ಹತ್ತಿಗೆ ಒಂದು ಗಟ್ಟಿಮನೆ ಮಾಡ್ಕೊಡಿ, ಸಾಕು."

ಅಪ್ಪ ಗೋಣಿತಾಟು ತಂದು ನರಿಯ ತಲೆಯ ಮೇಲೆ ಹಾಕಿ, ಮಂಡಿಯೂರಿ ಅದರ ಮೈಯನ್ನು ಅದುಮಿ ಹಿಡಿದ. ಪದ್ಮ ಕಟಿಂಗ್ ಪ್ಲೇಯರಿನಿಂದ ತಂತಿ ಕತ್ತರಿಸಿದಳು. ಇಬ್ಬರ ಕೈಗಳೂ ಒಂದೇ ಕಾಲಿನ ಮೇಲಿದ್ದವು. ಇಲ್ಲಿ ಹಿಡಿಯವ್ವ, ಅಲ್ಲಿ ಅದುಮಿ ಮಾವ ಎಂದು ಅವರು ಮಾತಾಡಿಕೊಳ್ಳುತ್ತಿದ್ದುದನ್ನು ಅವರೇ ಗಮನಿಸಿದ ಹಾಗಿರಲಿಲ್ಲ. ಅಕ್ಕಪಕ್ಕದ ಮುಳ್ಳುಗಳನ್ನು ಸರಿಸಿ ಹಿಡಿಯುವ ಗುರುತರ ಹೊಣೆ ನನ್ನ ಪಾಲಿಗೆ ಬಂದಿತ್ತು. ಗೋಣಿ ತೆಗೆದದ್ದೇ ತಡ, ಸತ್ತಂತೆ ಮಲಗಿದ್ದ ನರಿ ಬಾಣದಂತೆ ಚಿಮ್ಮಿ, ನೇರ ಜವರಣ್ಣನ ಕಾಲುಗಳ ನಡುವೆಯೇ ನುಗ್ಗಿ, ಅವನನ್ನು ಸೊಪ್ಪಿನ ಗಿಡಗಳ ಮೇಲೆ ಅಂಗಾತ ಕೆಡವಿ, ಕುಂಟುತ್ತ ನದಿಯ ಕಡೆ ಮಾಯವಾಯಿತು. ಅಷ್ಟು ಹತ್ತಿರದಿಂದ ನರಿಯ ಮುಖ ಕಂಡವನು ತಾಲ್ಲೂಕಿನಲ್ಲೇ ಇನ್ನೊಬ್ಬನಿಲ್ಲವೆಂದು ಜವರಣ್ಣ ಬಹುಕಾಲ ಹೇಳಿಕೊಂಡು ತಿರುಗಿದ. ಆ ವರ್ಷ ಅವನ ಎಮ್ಮೆ ಹೆಣ್ಣುಕರು ಹಾಕಿತೆಂಬುದನ್ನೂ ನಾನು ಮುಚ್ಚಿಡಲಾರೆ.

ಇನ್ನು ಗಟ್ಟಿಮನೆಯ ವ್ಯವಹಾರ. ನಮ್ಮ ಸ್ವಂತ ಮನೆ ಕಟ್ಟುವಾಗಲೂ ಅಪ್ಪ ಅಷ್ಟು ತಲೆ ಕೆಡಿಸಿಕೊಂಡಿರಲಿಲ್ಲವೆಂದು ಅವ್ವನ ಸಾಕ್ಷ್ಯವಿದೆ. ಹಳೆಯ ಕೊಟ್ಟಿಗೆಯ ಕಲ್ಲುಕಂಬಗಳನ್ನು ತುಂಡರಿಸಿ ನೆಟ್ಟು, ಅವುಗಳ ಮೇಲೆ ಸೊಂಟದೆತ್ತರಕ್ಕೆ ಮಲಗುವ ಗೂಡು. ಕೋಳಿಗೂಡಿನ ಜಾಲರಿಯನ್ನು ನರಿ ಹಲ್ಲಿನಿಂದ ಸೀಳಬಲ್ಲದೆಂದು ಅದನ್ನು ಕಿತ್ತೊಗೆದು, ಹುಣಸೂರಿನಿಂದ ದಪ್ಪ ತಂತಿಯ ಜಾಲರಿ ಬಂತು. ಹಗಲು ಮೇಯುವ ಅಂಗಳಕ್ಕೂ ಅದೇ ಜಾಲರಿ. ಅದನ್ನು ನೆಲದ ಮೇಲೆ ನಿಲ್ಲಿಸಿದರೆ ಸಾಲದು, ಮೊಣಕೈ ಆಳಕ್ಕೆ ಹೂತು, ತುದಿಯನ್ನು ಹೊರಕ್ಕೆ ಬಾಗಿಸಬೇಕೆಂದು ಪದ್ಮ ಹಟ ಹಿಡಿದಳು. ನರಿ ಬಗೆಯುವುದು ಬೇಲಿಯ ಬುಡದಲ್ಲೇ. ಬಗೆದಷ್ಟೂ ಉಗುರಿಗೆ ತಂತಿ ಸಿಗಬೇಕು. ಅಪ್ಪ ಒಪ್ಪಿ ಹೂತ. ಮಾರನೆಯ ದಿನವೇ ಹತ್ತಿ ಒಳಗಿನಿಂದ ಬಿಲ ತೋಡಲು ಶುರುಮಾಡಿದಳು. ನಾವು ಹೊರಗಿನ ಶತ್ರುವಿಗೆ ಕೋಟೆ ಕಟ್ಟುತ್ತಿದ್ದರೆ ಕೋಟೆಯ ರಾಣಿಗೆ ಹೊರಗೆ ಹೋಗುವ ಆತುರ. ಅಂಚಿನುದ್ದಕ್ಕೂ ಚಪ್ಪಡಿ ಹಾಸಿ ಅದನ್ನೂ ತಡೆದದ್ದಾಯಿತು. ಅಗುಳಿಯ ಬಗ್ಗೆ ಮಾವ ಸೊಸೆಯರಿಗೆ ಜಗಳವೇ ಆಯಿತು. ತಳ್ಳುವ ಅಗುಳಿಯನ್ನು ನರಿಯ ಮೂಗು ತೆರೆಯುತ್ತದೆಂದು ಪದ್ಮ, ತಿರುಗಿಸುವ ಅಗುಳಿ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆಂದು ಅಪ್ಪ. ಕೊನೆಗೆ ಎರಡನ್ನೂ ಹಾಕಿದರು. ಒಳಗೆ ಹೆದರಿದಾಗ ಅವಿತುಕೊಳ್ಳಲು ಕತ್ತಲೆಯ ಒಂದು ಪೆಟ್ಟಿಗೆ, ಮೇಲೆ ಹಂಚು, ಮತ್ತು ದೀಪ ಹಚ್ಚುವುದಕ್ಕೆ ಮುಂಚೆ ಗೂಡು ಸೇರಿಸಲೇಬೇಕೆಂಬ ಕಟ್ಟುನಿಟ್ಟು. ನಾನು ತಡವಾಗಿ ಬಂದರೆ ಕೇಳುವವರಿಲ್ಲ. ಹತ್ತಿ ತಡಮಾಡಿದರೆ ಅಪ್ಪ ಹೊಲದಿಂದಲೇ ಪದ್ಮಳನ್ನು ಕೂಗುತ್ತಿದ್ದ.

ಈ ಇಬ್ಬರೂ ಮಾತು ಬಿಟ್ಟಿದ್ದಾಗಲೇ ಮನೆ ತಣ್ಣಗಿತ್ತೆಂದು ಅವ್ವ ಗೊಣಗತೊಡಗಿದಳು. ಅಷ್ಟರಲ್ಲಿ ಹತ್ತಿ ತನ್ನ ಎದೆಯ ಕೂದಲನ್ನೇ ಕಿತ್ತು ಪೆಟ್ಟಿಗೆಯೊಳಗೆ ಹಾಸಿಗೆ ಮಾಡಿಕೊಂಡಳು. ಬತ್ತಿ ಹೋಗುವ ಮುನ್ನವೇ ದೀಪ ಹಚ್ಚಿ ಹೋಗಿದ್ದ. ಕಣ್ಣು ಬಿಡದ, ಹೆಬ್ಬೆರಳುದ್ದದ, ಮೈಮೇಲೆ ಕೂದಲಿಲ್ಲದ ಮರಿಗಳನ್ನು ಕಂಡದ್ದೇ ಅವ್ವನ ಗೊಣಗಾಟ ನಿಂತುಹೋಯಿತು. ಬಾಣಂತಿಗೆ ಥಂಡಿಯಾದೀತೆಂದು ಗೂಡಿಗೆ ಗೋಣಿಯ ಪರದೆ ಬಂತು, ಎಳೆ ಹಲಸಂದೆ ಸೊಪ್ಪು ಬಂತು. ಅತ್ತಿಯ ಹತ್ತಿರ ಯಾರೂ ಗಟ್ಟಿಯಾಗಿ ಮಾತಾಡಕೂಡದೆಂದು ಗಟ್ಟಿಯಾಗಿ ಅಪ್ಪಣೆಯಾಯಿತು.

ಮರಿಗಳು ಬೆಳೆದ ಮೇಲೆ ಕೇಳುವವರು ಬಂದರು. ಪದ್ಮ ಕೊಡುವುದಕ್ಕೆ ಒಪ್ಪಿದಳು. ಆದರೆ ಮಾವ ಹೋಗಿ ಮನೆ ನೋಡಿ ಬರಬೇಕೆಂದಳು. ಹೆಣ್ಣು ಕೊಡುವವರು ಗಂಡಿನ ಮನೆ ನೋಡಲು ಹೊರಡುವ ಗತ್ತಿನಲ್ಲಿ ಅಪ್ಪ ಬಿಳಿಯ ಪಂಚೆ ಉಟ್ಟು, ಇಸ್ತ್ರಿಯಾದ ಅಂಗಿ ತೊಟ್ಟು ಹೊರಡುತ್ತಿದ್ದ. ಹುಣಸೂರಿನಲ್ಲಿ ನನ್ನ ಸಹೋದ್ಯೋಗಿಯೊಬ್ಬರ ಮನೆಯ ಗೂಡಿನ ಬಾಗಿಲ ಸಂದಿಯಲ್ಲಿ ತನ್ನ ಮುಷ್ಟಿ ತೂರುತ್ತದೆಂದು ತೋರಿಸಿ, ಕಾಫಿ ಕುಡಿದು, ಸಂಬಂಧ ಬೇಡವೆಂದು ಎದ್ದು ಬಂದ. ಆ ಸಹೋದ್ಯೋಗಿ ಆಮೇಲೆ ನನ್ನೊಡನೆ ಸ್ವಲ್ಪ ಬಿಗುವಾಗಿಯೇ ಇದ್ದರು.

ದೀಪಾವಳಿ ಕಳೆದ ಮೇಲೆ ಪಿರಿಯಾಪಟ್ಟಣದ ಹಾರನಹಳ್ಳಿಯಿಂದ ಅವ್ವನ ದೂರದ ಬಳಗದವರು ಕೇಳಿಕಳಿಸಿದರು. ಅಪ್ಪನೂ ನಾನೂ ಹೋದೆವು. ಒಂದು ಜೊತೆ ಮರಿಗಳು ಕುಕ್ಕೆಯಲ್ಲಿದ್ದವು. ಒಪ್ಪಿಗೆಯಾದರೆ ಅಲ್ಲೇ ಬಿಟ್ಟು ಬರುವುದೆಂದು ಪದ್ಮ ಹೇಳಿದ್ದಳು. ದೊಡ್ಡ ಮನೆ, ತುಂಬಿದ ಕುಟುಂಬ. ಯಜಮಾನರು ಅಪ್ಪನ ವಯಸ್ಸಿನವರು, ನಡೆನುಡಿಯಲ್ಲಿ ಇನ್ನೂ ಹಳಬರು. ಗೂಡು ಭದ್ರವಾಗಿತ್ತು. ಅಪ್ಪ ಜಾಲರಿ ಜಗ್ಗಿ ನೋಡಿದ, ಚಪ್ಪಡಿ ತಟ್ಟಿ ನೋಡಿದ, ಅಗುಳಿ ತಿರುಗಿಸಿ ನೋಡಿದ. ಹೆಸರಿಡಲು ಏನೂ ಇರಲಿಲ್ಲ. ಜಗಲಿಗೆ ಬಂದು ಕೂತ ಮೇಲೆ ಮೊಲಗಳನ್ನು ನೋಡಿಕೊಳ್ಳುವವರು ಯಾರೆಂದು ಕೇಳಿದ. ಸೊಸೆ, ಹೊಸದಾಗಿ ಬಂದವಳು, ಅವಳಿಗೇ ಇದರ ಆಸೆ ಎಂದರು ಯಜಮಾನರು. ಅವಳನ್ನು ಕರೆಯಿರಿ, ಎರಡು ಮಾತು ಹೇಳಬೇಕು ಎಂದ ಅಪ್ಪ. ಯಜಮಾನರು ಸಂಕೋಚದಿಂದ ಮೀಸೆ ನೇವರಿಸಿಕೊಂಡರು. ಹೇಳುವುದನ್ನು ತಮಗೇ ಹೇಳಬಹುದು, ತಮ್ಮ ಹೆಂಡತಿಯ ಮೂಲಕ ಒಳಗೆ ತಿಳಿಸೋಣ, ತಮ್ಮ ಮನೆಯಲ್ಲಿ ಹಿರಿಯರು ಸೊಸೆಯರನ್ನು ಮಾತಾಡಿಸುವ ವಾಡಿಕೆಯಿಲ್ಲ ಎಂದರು.

ಅಪ್ಪ ಕುಕ್ಕೆಯನ್ನು ಮೆಲ್ಲಗೆ ತನ್ನ ಕಾಲಿನ ಹತ್ತಿರಕ್ಕೆ ಎಳೆದುಕೊಂಡ.

"ಅಂಗಾರೆ ಕೊಡಕಾಗಕಿಲ್ಲ ಕಣ್ರೀ," ಎಂದ, ಬಹಳ ನಯವಾಗಿ. "ಗೂಡು ಸರ್ಯಾಗಿ ಮಾಡಿದೀರಿ. ಆದ್ರೆ ನರಿ ಬಂದಾಗ ಆ ಮಗು ಯಾರ್ನ ಕೂಗ್ಬೇಕು?"

ಕುಕ್ಕೆಯೊಳಗೆ ಮರಿಗಳು ಸೊಪ್ಪು ಕಡಿಯುವ ಸಣ್ಣ ಸದ್ದು ಮಾತ್ರ ಕೇಳುತ್ತಿತ್ತು. ಯಜಮಾನರು ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಒಳಬಾಗಿಲ ಕಡೆ ತಿರುಗಿ ಬಾಯಿ ತೆರೆದು, ಹಾಗೇ ನಿಂತರು. ಸೊಸೆಯ ಹೆಸರು ನೆನಪಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಸುನಂದಾ ಎಂದು ಕರೆದರು. ಒಳಗೆ ಪಾತ್ರೆಗಳ ಸದ್ದು ಥಟ್ಟನೆ ನಿಂತಿತು. ಬಂದೆ ಮಾವ ಎಂಬ ದನಿ ಕೇಳಿಬರಲೂ ಅಷ್ಟೇ ಹೊತ್ತು ಹಿಡಿಯಿತು.